ಘಟ್ಟದಿಂದ ಇಳಿಯುವ ಬಿಸಿ: ಫೆಬ್ರವರಿಯಲ್ಲೇ ಕರಾವಳಿಗೆ ಬಿಸಿಗಾಳಿ ಏಕೆ?

ಪ್ರಶ್ನೆ: ನಾವು ಪುತ್ತೂರು ತಾಲ್ಲೂಕಿನ ಒಳಭಾಗದ ಅಡಿಕೆ ಕೃಷಿಕರು. ಈ ಸಲ ಶಿವರಾತ್ರಿಯ ಹೊತ್ತಿಗೇ ಕರಾವಳಿಗೆ ಬಿಸಿಗಾಳಿಯ ಎಚ್ಚರಿಕೆ ಬಂತು. ಕಲಬುರಗಿ, ರಾಯಚೂರಿಗೆ ಇಲ್ಲದ ಎಚ್ಚರಿಕೆ ಸಮುದ್ರದ ಹತ್ತಿರ ಇರುವ ನಮಗೇಕೆ? ಮೊಬೈಲ್ 41 ಡಿಗ್ರಿ ಎಂದು ತೋರಿಸಿದ ದಿನ ಇಲಾಖೆಯ ಲೆಕ್ಕದಲ್ಲಿ 38 ಇತ್ತು, ಯಾವುದನ್ನು ನಂಬುವುದು? ಮಳೆ ಯಾವಾಗ ಬರಬಹುದು? ಬೇಸಿಗೆ ಬೇಗ ಕಾದರೆ ಮುಂಗಾರು ಚೆನ್ನಾಗಿ ಹಿಡಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ಅದು ನಿಜವೇ?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಅದು ಅರ್ಥವಾದರೆ ಉಳಿದವುಗಳಿಗೆ ಉತ್ತರ ಅರ್ಧದಷ್ಟು ಸಿಕ್ಕಂತೆಯೇ.

ಮೊದಲು ಲೆಕ್ಕದ ಮಾತು. ಬಿಸಿಗಾಳಿ ಎಂದು ಘೋಷಿಸುವುದಕ್ಕೆ ಭಾರತ ಹವಾಮಾನ ಇಲಾಖೆ ಇಡೀ ದೇಶಕ್ಕೆ ಒಂದೇ ಅಳತೆಗೋಲು ಇಟ್ಟುಕೊಂಡಿಲ್ಲ. ಬಯಲುಸೀಮೆಯಲ್ಲಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕರಾವಳಿಯಲ್ಲಿ 37 ಸಾಕು. ಗುಡ್ಡಗಾಡಿನಲ್ಲಿ 30 ಸಾಕು. ಇದರ ಜೊತೆಗೆ ಆ ದಿನದ ಗರಿಷ್ಠ ತಾಪಮಾನ ಆ ಊರಿನ ಆ ದಿನದ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಹೆಚ್ಚಳ 6.4 ಡಿಗ್ರಿಯನ್ನು ದಾಟಿದರೆ ತೀವ್ರ ಬಿಸಿಗಾಳಿ ಎನ್ನುತ್ತಾರೆ. ಕರ್ನಾಟಕವನ್ನು ಇಲಾಖೆ ಕರಾವಳಿ, ಉತ್ತರ ಒಳನಾಡು, ದಕ್ಷಿಣ ಒಳನಾಡು ಎಂದು ಮೂರು ಉಪವಿಭಾಗಗಳಾಗಿ ಮಾಡಿಕೊಂಡಿದೆ. ಒಂದು ಉಪವಿಭಾಗದ ಎರಡು ಕೇಂದ್ರಗಳಲ್ಲಾದರೂ ಸತತ ಎರಡು ದಿನ ಈ ಸ್ಥಿತಿ ಕಂಡುಬಂದರೆ ಎರಡನೆಯ ದಿನ ಬಿಸಿಗಾಳಿ ಎಂದು ಘೋಷಿಸುತ್ತಾರೆ. ಆಗುವ ಸಂಭವ ಇದೆ ಎಂದು ಮುಂಚಿತವಾಗಿ ಹೇಳುವುದು ಎಚ್ಚರಿಕೆ, ಆಗಿದೆ ಎಂದು ಹೇಳುವುದು ಘೋಷಣೆ. ಪತ್ರಿಕೆಯ ಶೀರ್ಷಿಕೆಗಳಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ.

ಈಗ ಫೆಬ್ರವರಿ ಕೊನೆಯ ಮಂಗಳೂರನ್ನು ತೆಗೆದುಕೊಳ್ಳಿ. ಅಲ್ಲಿ ಆ ಸಮಯದ ವಾಡಿಕೆಯ ಗರಿಷ್ಠ ತಾಪಮಾನ ಸುಮಾರು 33 ಡಿಗ್ರಿ. ಅದಕ್ಕೆ 4.5 ಸೇರಿಸಿದರೆ 37.5 ಆಯಿತು, ಗಡಿ ದಾಟಿತು. ಅದೇ ದಿನ ಕಲಬುರಗಿಯಲ್ಲಿ 37 ಅಥವಾ 38 ಇದ್ದರೂ ಅದು ಬಿಸಿಗಾಳಿಯಲ್ಲ, ಏಕೆಂದರೆ 40 ಮುಟ್ಟಿಲ್ಲ. ಹಾಗಾಗಿ ಎಚ್ಚರಿಕೆ ನಿಮಗೆ ಬಂದು ಅವರಿಗೆ ಬಾರದಿರುವುದರ ಅರ್ಥ ನಿಮ್ಮೂರು ಕಲಬುರಗಿಗಿಂತ ಬಿಸಿ ಎಂದಲ್ಲ. ನಿಮ್ಮೂರು ತನ್ನ ಮಾಮೂಲಿ ಸ್ಥಿತಿಯಿಂದ ಹೆಚ್ಚು ದೂರ ಸರಿದಿದೆ ಎಂದು. ತಮಾಷೆಯೆಂದರೆ, ಬೆಂಗಳೂರು ನಗರದ ವೀಕ್ಷಣಾಲಯದ ಸಾರ್ವಕಾಲಿಕ ದಾಖಲೆಯೇ 39.2 ಡಿಗ್ರಿ, ಅದೂ 2016ರ ಏಪ್ರಿಲ್ 24ರಂದು. 2024ರ ಏಪ್ರಿಲ್‌ನಲ್ಲಿ ರಾಜಧಾನಿ ಕಾದು ಕೆಂಡವಾಗಿದ್ದಾಗಲೂ ಅದು 38.5ಕ್ಕೆ ನಿಂತಿತು. ಬಯಲುಸೀಮೆಯ 40ರ ಗಡಿಯನ್ನು ಆ ವೀಕ್ಷಣಾಲಯ ಮುಟ್ಟಿಯೇ ಇಲ್ಲ. ಬೆಂಗಳೂರಿನವರು ಪ್ರತಿ ಬೇಸಿಗೆಯಲ್ಲೂ ಆಡಿಕೊಳ್ಳುವ ಬಿಸಿಗಾಳಿ ಈ ಅಳತೆಗೋಲಿನಲ್ಲಿ ಬಿಸಿಗಾಳಿಯಲ್ಲ. ಇದರಿಂದ ಅಲ್ಲಿ ಬೆವರುವವರಿಗೆ ಏನೂ ಸಮಾಧಾನವಾಗದು ಎಂಬುದು ಬೇರೆ ಮಾತು.

ಲೆಕ್ಕ ಇಷ್ಟೇ. ಆದರೆ ನಿಮ್ಮೂರು ಫೆಬ್ರವರಿಯಲ್ಲಿ ಹೀಗೆ ಒಮ್ಮೆಲೇ ವಾಡಿಕೆ ಮೀರುವುದೇಕೆ? ಸಮುದ್ರ ಪಕ್ಕದಲ್ಲಿದ್ದೂ ತಂಪು ಮಾಡದೆ ಸುಮ್ಮನಿರುವುದೇಕೆ? ವಿಷಯದ ತಿರುಳು ಇಲ್ಲಿದೆ.

ಕರಾವಳಿಯ ಹಗಲಿನ ತಾಪಮಾನವನ್ನು ಸೂರ್ಯನಷ್ಟೇ ಕಡಲಗಾಳಿಯೂ ನಿರ್ಧರಿಸುತ್ತದೆ. ಬೆಳಿಗ್ಗೆ ನೆಲ ಬೇಗ ಕಾಯುತ್ತದೆ, ಸಮುದ್ರ ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಹಗುರಾಗಿ ಏರತೊಡಗಿದಾಗ ಸಮುದ್ರದ ಕಡೆಯಿಂದ ತಂಪುಗಾಳಿ ಒಳಗೆ ನುಗ್ಗುತ್ತದೆ. ಸಾಮಾನ್ಯ ದಿನಗಳಲ್ಲಿ ಪಣಂಬೂರಿನ ಕಡಲ ಅಂಚಿನಲ್ಲಿ ಇದು ಮಧ್ಯಾಹ್ನಕ್ಕೆ ಮುಂಚೆಯೇ, ಹನ್ನೊಂದರ ಆಸುಪಾಸಿನಲ್ಲಿ, ಶುರುವಾಗಿಬಿಡುತ್ತದೆ. ಆಮೇಲೆ ಸೂರ್ಯ ಎಷ್ಟೇ ಕಾದರೂ ತಾಪಮಾನ 33–34ರ ಮೇಲೆ ಏರಲು ಕಡಲಗಾಳಿ ಬಿಡುವುದಿಲ್ಲ. ನಿಮ್ಮ ಪುತ್ತೂರು ಕಡಲಿನಿಂದ ಸಾಕಷ್ಟು ಒಳಗಿದೆ. ಆ ಗಾಳಿ ಗುಡ್ಡಗಳನ್ನು ಬಳಸಿಕೊಂಡು, ಬಲ ಕಳೆದುಕೊಂಡು ನಿಮ್ಮಲ್ಲಿಗೆ ಬರುವಾಗ ಮಧ್ಯಾಹ್ನ ಒಂದು, ಎರಡು ಗಂಟೆಯಾಗುತ್ತದೆ. ಅಷ್ಟರಲ್ಲಿ ನಿಮ್ಮ ತಾಪಮಾನ ಮಂಗಳೂರಿಗಿಂತ ಎರಡು ಮೂರು ಡಿಗ್ರಿ ಮುಂದೆ ಹೋಗಿರುತ್ತದೆ. ಸುಳ್ಯ, ಕಡಬ, ಬೆಳ್ತಂಗಡಿಯ ಕಥೆಯೂ ಇದೇ.

ಹಳೆಯ ವೀಕ್ಷಣಾಲಯಗಳಲ್ಲಿ ಥರ್ಮೋಗ್ರಾಫ್ ಎಂಬ ಉಪಕರಣ ಇರುತ್ತಿತ್ತು. ನಿಧಾನವಾಗಿ ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದದ ಮೇಲೆ ಶಾಯಿಯ ಪೆನ್ನೊಂದು ದಿನವಿಡೀ ತಾಪಮಾನದ ಗೆರೆ ಎಳೆಯುತ್ತಿತ್ತು. ಕರಾವಳಿಯ ಕೇಂದ್ರದ ಕಾಗದವನ್ನು ಒಳನಾಡಿನ ಕಾಗದದ ಪಕ್ಕದಲ್ಲಿಟ್ಟರೆ ಹೆಸರು ಓದದೆಯೇ ಯಾವುದು ಎಲ್ಲಿಯದು ಎಂದು ಹೇಳಬಹುದಾಗಿತ್ತು. ಒಳನಾಡಿನ ಗೆರೆ ಮಧ್ಯಾಹ್ನ ಮೂರರವರೆಗೆ ನಯವಾಗಿ ಏರಿ, ನಯವಾಗಿ ಇಳಿಯುತ್ತದೆ, ಗುಡ್ಡದ ಬೆನ್ನಿನ ಹಾಗೆ. ಕರಾವಳಿಯ ಗೆರೆ ಹತ್ತೂವರೆ, ಹನ್ನೊಂದರವರೆಗೆ ಕಡಿದಾಗಿ ಏರಿ, ಅಲ್ಲಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆ ಕತ್ತರಿಸಿದ ಜಾಗವೇ ಕಡಲಗಾಳಿ ಬಂದ ಹೊತ್ತು. ಫೆಬ್ರವರಿ, ಮಾರ್ಚ್‌ನ ಕೆಲವು ದಿನಗಳ ಕಾಗದದಲ್ಲಿ ಮಾತ್ರ ಗೆರೆ ಹನ್ನೊಂದಕ್ಕೆ ನಿಲ್ಲದೆ, ಹನ್ನೆರಡಕ್ಕೂ ನಿಲ್ಲದೆ, ಒಂದೂವರೆಯವರೆಗೆ ಏರಿ ಹೋಗಿ, ಆಮೇಲೆ ಸ್ವಲ್ಪ ಹೊತ್ತಿನಲ್ಲೇ ಮೂರು ನಾಲ್ಕು ಡಿಗ್ರಿ ಧೊಪ್ಪನೆ ಬಿದ್ದಿರುತ್ತದೆ. ಮರುದಿನದ ಪತ್ರಿಕೆಯಲ್ಲಿ ‘ಕರಾವಳಿಯಲ್ಲಿ 38 ಡಿಗ್ರಿ’ ಎಂದು ಬರುವುದು ಇಂಥ ದಿನಗಳದ್ದೇ.

ಕಡಲಗಾಳಿಯನ್ನು ಅಷ್ಟು ಹೊತ್ತು ತಡೆದು ನಿಲ್ಲಿಸುವುದು ಮೂಡಣ ಗಾಳಿ. ಚಳಿಗಾಲ ಮುಗಿಯುವ ಈ ಹೊತ್ತಿನಲ್ಲಿ ದಖ್ಖನ್ ಪ್ರಸ್ಥಭೂಮಿಯ ಮೇಲೆ ಒಣಹವೆ ಇರುತ್ತದೆ, ಮೋಡವಿರುವುದಿಲ್ಲ, ಒಂದೆರಡು ಕಿಲೋಮೀಟರ್ ಎತ್ತರದಲ್ಲಿ ಗಾಳಿ ಪೂರ್ವ ಅಥವಾ ಈಶಾನ್ಯದಿಂದ ಬೀಸುತ್ತಿರುತ್ತದೆ. ಅಧಿಕ ಒತ್ತಡದ ವಲಯ ಅನುಕೂಲದ ಜಾಗದಲ್ಲಿ ಬಂದು ಕೂತಾಗ ಈ ಗಾಳಿ ಬಲಗೊಂಡು, ಶಿರಾಡಿ, ಚಾರ್ಮಾಡಿ, ಬಿಸಿಲೆಯ ಕಡೆಯಿಂದ ಘಟ್ಟ ಇಳಿದು ನಿಮ್ಮ ಮೇಲೆ ಬರುತ್ತದೆ. ಘಟ್ಟದ ಮೇಲಿನ ಗಾಳಿ ತಂಪಾಗಿರಬೇಕಲ್ಲ ಎಂದು ನೀವು ಕೇಳಬಹುದು. ಮೇಲಿದ್ದಾಗ ತಂಪಾಗಿಯೇ ಇರುತ್ತದೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಕೈಗೆ ಬಿಸಿಯಾಗುವುದನ್ನು ನೀವು ಬಲ್ಲಿರಿ; ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಎತ್ತರದಿಂದ ಇಳಿಯುವ ಗಾಳಿಯ ಮೇಲೆ ವಾತಾವರಣದ ಒತ್ತಡ ಹೆಚ್ಚುತ್ತ ಹೋಗುವುದರಿಂದ ಒಣಗಾಳಿ ಪ್ರತಿ ಕಿಲೋಮೀಟರ್ ಇಳಿತಕ್ಕೆ ಹೆಚ್ಚುಕಡಿಮೆ 10 ಡಿಗ್ರಿಯಷ್ಟು ಬಿಸಿಯಾಗುತ್ತದೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ, ಪುತ್ತೂರು 100 ಮೀಟರಿನ ಆಸುಪಾಸಿನಲ್ಲಿದೆ. ಬೆಳಿಗ್ಗೆ ಹತ್ತಕ್ಕೆ ಅಲ್ಲಿ 27 ಡಿಗ್ರಿ ಇದ್ದ ಗಾಳಿ ದಾರಿಯಲ್ಲಿ ಬೇರೇನೂ ಬೆರೆಯದೆ ನಿಮ್ಮ ತೋಟಕ್ಕೆ ಇಳಿಯಿತೆಂದರೆ, ಸೂರ್ಯನ ಪಾಲು ಸೇರುವ ಮೊದಲೇ 35 ಆಗಿರುತ್ತದೆ. ವಾಸ್ತವದಲ್ಲಿ ಬೆರಕೆ ಇದ್ದೇ ಇರುತ್ತದೆ, ಲೆಕ್ಕ ಇಷ್ಟು ಶುದ್ಧವಾಗಿ ಕೂರುವುದಿಲ್ಲ. ಆದರೆ ದಿಕ್ಕು ಇದೇ.

‘ಬಿಸಿಗಾಳಿ’ ಎಂಬ ಪದ ಸರಿಯಲ್ಲ, ‘ಶಾಖದ ಅಲೆ’ ಅಥವಾ ‘ಉಷ್ಣ ಅಲೆ’ ಎನ್ನಬೇಕು, ಏಕೆಂದರೆ ಗಾಳಿಯೇ ಬೀಸದ ದಿನವೂ ಅದು ಇರಬಹುದು ಎಂದು ಕೆಲವರು ತಕರಾರು ತೆಗೆಯುತ್ತಾರೆ. ದೇಶದ ಉಳಿದ ಭಾಗಕ್ಕೆ ಆ ತಕರಾರು ಒಪ್ಪತಕ್ಕದ್ದೇ. ನಮ್ಮ ಕರಾವಳಿಯ ಫೆಬ್ರವರಿ, ಮಾರ್ಚ್ ಮಟ್ಟಿಗೆ ಮಾತ್ರ ಬಿಸಿಗಾಳಿ ಎಂಬುದೇ ಅಕ್ಷರಶಃ ನಿಜ, ಇಲ್ಲಿ ತಾಪವನ್ನು ತರುವುದು ಗಾಳಿಯೇ.

ಇದರಿಂದ ಇನ್ನೊಂದು ವ್ಯತ್ಯಾಸವೂ ತಿಳಿಯುತ್ತದೆ. ನಿಮ್ಮ ಕಡೆ ‘ಸೆಕೆ’ ಎನ್ನುವುದು ಬೇರೆ, ಈ ದಿನಗಳ ಬೇಗೆ ಬೇರೆ. ಏಪ್ರಿಲ್, ಮೇ ತಿಂಗಳ ಸೆಕೆ ಕಡಲಿನದು: ತಾಪಮಾನ 34–35ರಲ್ಲೇ ಇದ್ದರೂ ತೇವಾಂಶ ಹೆಚ್ಚಿ, ಬೆವರು ಆರದೆ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತದೆ. ಫೆಬ್ರವರಿಯ ಬೇಗೆ ಘಟ್ಟದ್ದು: ಗಾಳಿ ಒಣಗಿರುತ್ತದೆ, ತುಟಿ ಒಡೆಯುತ್ತದೆ, ಅಂಗಳದಲ್ಲಿ ಹರಡಿದ ಅಡಿಕೆ ಬೇಗ ಒಣಗುತ್ತದೆ, ಗುಡ್ಡದ ಮುಳಿಹುಲ್ಲು ಕಿಡಿ ಕಾಯುತ್ತ ನಿಂತಿರುತ್ತದೆ. ದೇಹಕ್ಕೆ ಎರಡೂ ಕಷ್ಟವೇ, ಕಷ್ಟದ ರೀತಿ ಬೇರೆ. ಸೆಕೆಯಲ್ಲಿ ಬೆವರು ಕಣ್ಣಿಗೆ ಕಾಣುವುದರಿಂದ ನೀರು ಕುಡಿಯಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಣಬೇಗೆಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ತೇವಾಂಶ ಎಷ್ಟು ಭಾರಿ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಒಂದು ಲೆಕ್ಕ: 35 ಡಿಗ್ರಿಯಲ್ಲಿ ಶೇ 60ರಷ್ಟು ತೇವಾಂಶ ಇದ್ದರೆ ದೇಹಕ್ಕೆ ಅದು ಸುಮಾರು 45 ಡಿಗ್ರಿಯಂತೆ ಭಾಸವಾಗುತ್ತದೆ, ಕಲಬುರಗಿಯ 40 ಡಿಗ್ರಿಯಲ್ಲಿ ತೇವಾಂಶ ಶೇ 20 ಇದ್ದರೆ ಭಾಸವಾಗುವುದೂ 40ರ ಆಸುಪಾಸೇ. ಹಾಗಾಗಿ ಮೇ ತಿಂಗಳಲ್ಲಿ ‘ನಿಮ್ಮದೇನು ಮಹಾ, ಬರೀ ಮೂವತ್ತೈದು’ ಎಂದು ಉತ್ತರ ಕರ್ನಾಟಕದ ನೆಂಟರು ಹಾಸ್ಯ ಮಾಡಿದರೆ ನೀವು ಧೈರ್ಯವಾಗಿ ವಾದಿಸಬಹುದು. ಆದರೆ ರಾತ್ರಿಯ ಮಾತು ಬಂದಾಗ ಅವರಿಗೂ ಹೇಳಲು ಬೇಕಾದಷ್ಟಿದೆ: ಹಗಲೆಲ್ಲ ಕಾದ ಕಲ್ಲಿನ ಗೋಡೆ ರಾತ್ರಿ ಹನ್ನೆರಡಾದರೂ ಒಳಗೆ ಮಲಗಲು ಬಿಡದು.

ಮೊಬೈಲಿನ 41 ಮತ್ತು ಇಲಾಖೆಯ 38ರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೊಬೈಲಿನ ಆ್ಯಪ್ ಯಾವ ಥರ್ಮಾಮೀಟರನ್ನೂ ನೋಡಿರುವುದಿಲ್ಲ. ಕಂಪ್ಯೂಟರ್ ಮಾದರಿಯೊಂದು ಭೂಮಿಯನ್ನು ಹಲವು ಕಿಲೋಮೀಟರ್ ಅಗಲದ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕಕ್ಕೂ ಒಂದೊಂದು ಅಂಕಿ ಕೊಡುತ್ತದೆ. ಆ ಚೌಕದೊಳಗೆ ನಿಮ್ಮ ಗುಡ್ಡ, ತೋಟ, ಹೊಳೆ ಎಲ್ಲ ಒಂದಾಗಿಬಿಟ್ಟಿರುತ್ತವೆ. ಘಟ್ಟದ ಬುಡದಂಥ ಏರುತಗ್ಗಿನ ಜಾಗದಲ್ಲಿ ಇಂಥ ಸರಾಸರಿ ಎಡವುವುದು ಹೆಚ್ಚು. ಎಷ್ಟೋ ಸಲ ಆ್ಯಪ್ ‘ಭಾಸವಾಗುವ ತಾಪಮಾನ’ವನ್ನು ದೊಡ್ಡಕ್ಷರದಲ್ಲಿ ತೋರಿಸಿರುತ್ತದೆ, ನಾವು ಅದನ್ನೇ ನಿಜವಾದ ತಾಪಮಾನ ಎಂದುಕೊಳ್ಳುತ್ತೇವೆ. ಕಾರಿನ ಡ್ಯಾಶ್‌ಬೋರ್ಡಿನ ಅಂಕಿಯನ್ನಂತೂ ಬಿಟ್ಟೇಬಿಡಿ. ಅದು ಕಾದ ಡಾಂಬರಿನ ಮೇಲಿನ ಗಾಳಿಯ ಬಿಸಿ.

ಇಲಾಖೆಯ ಅಂಕಿ ಬರುವುದು ನಾಲ್ಕು ಕಾಲಿನ ಮೇಲೆ ನಿಂತ, ಬಿಳಿ ಬಣ್ಣ ಬಳಿದ, ಸುತ್ತಲೂ ಓರೆ ಪಟ್ಟಿಗಳ ಮರದ ಪೆಟ್ಟಿಗೆಯಿಂದ. ಥರ್ಮಾಮೀಟರು ನೆಲದಿಂದ ಸುಮಾರು ನಾಲ್ಕಡಿ ಮೇಲೆ, ನೆರಳಿನಲ್ಲಿ, ಗಾಳಿಯಾಡುವಂತೆ ಇರುತ್ತದೆ. ಬಾಗಿಲು ತೆಗೆದಾಗಲೂ ಬಿಸಿಲು ಒಳಗೆ ಬೀಳಬಾರದೆಂದು ಪೆಟ್ಟಿಗೆಯ ಬಾಗಿಲನ್ನು ಉತ್ತರಕ್ಕೆ ಇಡುತ್ತಾರೆ. ಅಂದರೆ 38 ಎಂಬುದು ನೆರಳಿನ ಅಂಕಿ. ಬಿಸಿಲಿನಲ್ಲಿ ನಿಂತು ಕೆಲಸ ಮಾಡುವವನ ಚರ್ಮಕ್ಕೆ ತಾಗುವ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಹಾಗಿದ್ದರೆ ಆ ಅಂಕಿಯಿಂದೇನು ಪ್ರಯೋಜನ ಎಂದರೆ, ಕಾರವಾರದ 38ನ್ನು ರಾಯಚೂರಿನ 38ರ ಜೊತೆಗೆ, ಈ ವರ್ಷದ 38ನ್ನು ಮೂವತ್ತು ವರ್ಷದ ಹಿಂದಿನ 38ರ ಜೊತೆಗೆ ಇಟ್ಟು ನೋಡಲು ಸಾಧ್ಯವಾಗುವುದು ಎಲ್ಲ ಕಡೆ ಒಂದೇ ಬಗೆಯ ಪೆಟ್ಟಿಗೆ ಇದ್ದಾಗ ಮಾತ್ರ. ನಿಮ್ಮ ದೂರಿನಲ್ಲಿ ಒಂದು ನ್ಯಾಯ ಇದೆ ಎಂದೂ ಒಪ್ಪಬೇಕು. ಕರಾವಳಿಯ ಹಳೆಯ ವೀಕ್ಷಣಾಲಯಗಳಾದ ಕಾರವಾರ, ಹೊನ್ನಾವರ, ಪಣಂಬೂರು ಕಡಲಿಗೆ ತೀರ ಹತ್ತಿರ. ಬಜ್ಪೆ ವಿಮಾನ ನಿಲ್ದಾಣದ್ದು ಸ್ವಲ್ಪ ಒಳಗೆ, ಎತ್ತರದಲ್ಲಿ. ಘಟ್ಟದ ಬುಡದ ತಾಲ್ಲೂಕುಗಳ ಬೇಗೆ ಇವುಗಳ ಅಂಕಿಯಲ್ಲಿ ಪೂರ್ತಿ ಕಾಣುವುದಿಲ್ಲ. ಅದಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹೋಬಳಿ ಮಟ್ಟದ ಸ್ವಯಂಚಾಲಿತ ಕೇಂದ್ರಗಳನ್ನು ನೋಡಬಹುದು. ಅವು ಕಟ್ಟಡದ ತಾರಸಿಯ ಪಕ್ಕದಲ್ಲೋ ಸಿಮೆಂಟು ನೆಲದ ಮೇಲೋ ನಿಂತಿದ್ದರೆ ಒಂದೆರಡು ಡಿಗ್ರಿ ಹೆಚ್ಚು ತೋರಿಸುವ ಸಾಧ್ಯತೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಸಾಕು. ನನ್ನ ಸಲಹೆ ಕೇಳಿದರೆ, ನಿನ್ನೆಗಿಂತ ಇಂದು ಎಷ್ಟು ಹೆಚ್ಚಿತು ಎಂದು ನೋಡಲು ಹತ್ತಿರದ ಹೋಬಳಿ ಕೇಂದ್ರ, ವಾಡಿಕೆಗಿಂತ ಎಷ್ಟು ಹೆಚ್ಚು ಎಂದು ತಿಳಿಯಲು ಇಲಾಖೆಯ ವೀಕ್ಷಣಾಲಯ. ಆ್ಯಪ್ ಬರೀ ಕುತೂಹಲಕ್ಕೆ.

ಇದು ಇತ್ತೀಚೆಗೆ ಹೆಚ್ಚಾಗಿದೆಯೇ ಎಂದು ನೀವು ನೇರವಾಗಿ ಕೇಳಿಲ್ಲ, ಆದರೂ ಹೇಳಬೇಕು. ಮೂಡಣ ಗಾಳಿ ಘಟ್ಟ ಇಳಿಯುವುದು ಹೊಸದಲ್ಲ, ನಿಮ್ಮ ಅಜ್ಜನ ಕಾಲದಲ್ಲೂ ಇಳಿಯುತ್ತಿತ್ತು. ಹೊಸದೇನೆಂದರೆ ಅದು ಇಳಿಯುವಾಗ ಮೇಲಿನ ಪ್ರಸ್ಥಭೂಮಿಯೂ ಕೆಳಗಿನ ಸಮುದ್ರವೂ ಮೊದಲಿಗಿಂತ ಬೆಚ್ಚಗಾಗಿರುವುದು. 1901ರಿಂದ ಇಟ್ಟ ದಾಖಲೆಯಲ್ಲಿ ದೇಶದ ಸರಾಸರಿ ಗರಿಷ್ಠ ತಾಪಮಾನ ಆವರೆಗಿನ ಎಲ್ಲ ಫೆಬ್ರವರಿಗಳನ್ನು ಮೀರಿದ್ದು 2023ರಲ್ಲಿ, 29.5 ಡಿಗ್ರಿ ದಾಟಿ. ಎರಡೇ ವರ್ಷದಲ್ಲಿ, 2025ರ ಫೆಬ್ರವರಿ, ಹಗಲು ರಾತ್ರಿ ಸೇರಿಸಿದ ಸರಾಸರಿಯಲ್ಲಿ ಆವರೆಗಿನ ಅತ್ಯಂತ ಬಿಸಿಯ ಫೆಬ್ರವರಿ ಎನಿಸಿತು. ಆ ತಿಂಗಳ ಕೊನೆಯ ವಾರದಲ್ಲೇ ಕೊಂಕಣ, ಗೋವಾ, ಕರಾವಳಿ ಕರ್ನಾಟಕಕ್ಕೆ ಬಿಸಿಗಾಳಿಯ ಎಚ್ಚರಿಕೆ ಬಂದಿತ್ತು. ‘ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ’ ಎನ್ನುತ್ತಿದ್ದೆವು. ಈಗ ಎಷ್ಟೋ ವರ್ಷ ಶಿವರಾತ್ರಿಗೆ ಓಡಿಹೋಗಲು ಚಳಿಯೇ ಉಳಿದಿರುವುದಿಲ್ಲ.

ಹಿರಿಯರ ಮಾತನ್ನು ಇಲ್ಲಿಯೇ ನೋಡಿಬಿಡೋಣ. ಬೇಸಿಗೆ ಚೆನ್ನಾಗಿ ಕಾದರೆ ಮುಂಗಾರು ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆಗೆ ಒಂದು ತರ್ಕ ಇದೆ: ನೆಲ ಕಾದು, ಒತ್ತಡ ಇಳಿದು, ಸಮುದ್ರದ ಗಾಳಿಯನ್ನು ಎಳೆದುಕೊಳ್ಳುವುದೇ ಮುಂಗಾರಿನ ಮೂಲ. ಆದರೆ ಆ ಕೆಲಸಕ್ಕೆ ಬೇಕಾದ ಕಾವು ವಾಯವ್ಯ ಭಾರತ ಮತ್ತು ಅದರಾಚೆಯ ವಿಶಾಲ ಭೂಭಾಗದ್ದು, ಅದೂ ಮೇ, ಜೂನ್ ತಿಂಗಳದ್ದು, ಪುತ್ತೂರಿನ ಫೆಬ್ರವರಿಯದಲ್ಲ. ಇತ್ತೀಚಿನ ವರ್ಷಗಳನ್ನೇ ಸಾಕ್ಷಿಗೆ ಕರೆಯುತ್ತೇನೆ. 2022ರ ಮಾರ್ಚ್ ಆವರೆಗಿನ ದಾಖಲೆಯ ಬಿಸಿಯ ಮಾರ್ಚ್. ಆ ವರ್ಷದ ಮುಂಗಾರು ದೇಶದಲ್ಲಿ ದೀರ್ಘಾವಧಿ ಸರಾಸರಿಯ ಶೇ 106. 2023ರ ಫೆಬ್ರವರಿಯೂ ದಾಖಲೆಯ ಬಿಸಿ. ಮುಂಗಾರು ಶೇ 94ಕ್ಕೆ ಕುಸಿಯಿತು, ಕೇರಳಕ್ಕೆ ಬಂದದ್ದೇ ಜೂನ್ 8ಕ್ಕೆ, ಆಗಸ್ಟ್ ತಿಂಗಳು 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. 2025ರ ಫೆಬ್ರವರಿಯೂ ದಾಖಲೆಯ ಬಿಸಿ. ಮುಂಗಾರು ಕೇರಳಕ್ಕೆ ಮೇ 24ಕ್ಕೇ ಬಂದು, ಒಟ್ಟು ಶೇ 108 ಸುರಿಯಿತು. ಮೂರೂ ವರ್ಷ ಬೇಸಿಗೆ ಬೇಗ ಕಾದಿತ್ತು, ಮೂರೂ ವರ್ಷ ಮಳೆ ತನ್ನಿಷ್ಟದಂತೆ ನಡೆದುಕೊಂಡಿತು. 2023ರ ಮಳೆಯನ್ನು ಕೆಡಿಸಿದ್ದರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬೆಚ್ಚಗಾಗುವ ವಿದ್ಯಮಾನದ ಪಾಲು ದೊಡ್ಡದು. ನಿಮ್ಮ ಅಂಗಳದ ಬಿಸಿಲಿಗೂ ಅದಕ್ಕೂ ನಂಟಿಲ್ಲ. ಹಾಗಾಗಿ ಈ ಫೆಬ್ರವರಿಯ ಬೇಗೆಯನ್ನು ನೋಡಿ ಜೂನ್ ತಿಂಗಳ ಲೆಕ್ಕ ಹಾಕಬೇಡಿ. ಮುಂಗಾರಿನ ಮೊದಲ ಮುನ್ಸೂಚನೆ ಏಪ್ರಿಲ್ ಮಧ್ಯದಲ್ಲಿ ಬರುತ್ತದೆ, ಕೇರಳಕ್ಕೆ ಎಂದು ತಲುಪುತ್ತದೆ ಎಂಬುದು ಮೇ ಮಧ್ಯದಲ್ಲಿ; ಅಲ್ಲಿಯವರೆಗೆ ಯಾರು ಏನೇ ಹೇಳಿದರೂ ಅದು ಊಹೆ.

ಹತ್ತಿರದ ಮಳೆಯ ಪ್ರಶ್ನೆಗೆ ಮಾತ್ರ ಸ್ವಲ್ಪ ಆಸೆ ಹುಟ್ಟಿಸುವ ಉತ್ತರ ಇದೆ, ಮತ್ತು ಅದು ನಿಮ್ಮನ್ನು ಈಗ ಸುಡುತ್ತಿರುವ ಘಟ್ಟದ ಕಡೆಯಿಂದಲೇ ಬರಬೇಕು. ಮಾರ್ಚ್ ಕಳೆಯುತ್ತಿದ್ದಂತೆ ಒಳನಾಡಿನ ಮೇಲೆ, ಮಹಾರಾಷ್ಟ್ರದ ಕಡೆಯಿಂದ ಕರ್ನಾಟಕವನ್ನು ಹಾದು ತಮಿಳುನಾಡಿನವರೆಗೆ, ಎರಡು ದಿಕ್ಕಿನ ಗಾಳಿ ಸಂಧಿಸುವ ಉದ್ದನೆಯ ಪಟ್ಟಿಯೊಂದು ಆಗಾಗ ರೂಪುಗೊಳ್ಳುತ್ತದೆ. ಆಗ ಪೂರ್ವದಿಂದ ಬರುವ ಗಾಳಿಯಲ್ಲಿ ಬಂಗಾಳ ಕೊಲ್ಲಿಯ ತೇವವೂ ಸೇರಿಕೊಳ್ಳುತ್ತದೆ. ಮಧ್ಯಾಹ್ನ ಕಾದ ಘಟ್ಟದ ನೆತ್ತಿಯಲ್ಲಿ ಮೋಡ ಮೇಲೆದ್ದು, ಪಡುವಣದಿಂದ ಒಳಬಂದ ಕಡಲಗಾಳಿಗೆ ಎದುರಾಗಿ, ಸಂಜೆ ನಾಲ್ಕೈದರ ಹೊತ್ತಿಗೆ ಸುಬ್ರಹ್ಮಣ್ಯದ ಕಡೆಯಿಂದ ಗುಡುಗುತ್ತ ನಿಮ್ಮ ಕಡೆಗೆ ಬರುತ್ತದೆ. ಮುಂಗಾರಿನ ಮಳೆ ಪಡುವಣದಿಂದ ಬಂದರೆ ಈ ಮಳೆ ಮೂಡಣದಿಂದ ಬರುತ್ತದೆ. ಕಾಫಿ ಸೀಮೆಯವರು ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆಗಾಗಿ ಕಾಯುವುದು ಇದರ ಮೊದಲ ಹನಿಗಳನ್ನೇ. ಘಟ್ಟದ ಮೇಲೆ ಮೊದಲು, ಘಟ್ಟದ ಬುಡದ ಸುಳ್ಯ, ಕಡಬ, ಬೆಳ್ತಂಗಡಿಗೆ ಆಮೇಲೆ, ಪುತ್ತೂರಿಗೆ ಅದರ ನಂತರ, ಮಂಗಳೂರಿಗೆ ಕೊನೆಗೆ: ಬೇಸಿಗೆ ಮಳೆ ಸಾಮಾನ್ಯವಾಗಿ ಈ ಸಾಲಿನಲ್ಲಿ ಬರುತ್ತದೆ. ಆದ್ದರಿಂದ ಮಾರ್ಚ್ ಮೊದಲ ಭಾಗದಲ್ಲಿ ಒಂದೆರಡು ಚದುರಿದ ಮಳೆ ಬಂದರೆ ಅದು ಲಾಭ. ಬರಲೇಬೇಕೆಂದು ನೀರಿನ ಯೋಜನೆ ಹಾಕಬಾರದು. ರೇವತಿ, ಅಶ್ವಿನಿ ಮಳೆ ನಕ್ಷತ್ರಗಳ ಹೊತ್ತಿಗೆ, ಅಂದರೆ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ಸಾಧ್ಯತೆ ಹೆಚ್ಚುತ್ತ ಹೋಗುತ್ತದೆ. ಏಪ್ರಿಲ್ 10ರಿಂದ ನಡೆಯುವ ಪುತ್ತೂರು ಜಾತ್ರೆಯ ದಿನಗಳಲ್ಲಿ ಸಂಜೆ ಮಳೆ ಬರುವುದೂ ನಿಮಗೆ ಹೊಸದಲ್ಲ.

ಈ ಮಳೆಯ ಮುನ್ಸೂಚನೆಯಲ್ಲಿ ನಿಖರತೆ ಎಷ್ಟು ದೂರ ಹೋಗುತ್ತದೆ ಎಂಬುದು ಗೊತ್ತಿದ್ದರೆ ನಿರಾಸೆ ಕಡಿಮೆ. ಇಲಾಖೆ ಪ್ರತಿ ಗುರುವಾರ ಹೊರಡಿಸುವ ಎರಡು ವಾರಗಳ ಮುನ್ನೋಟದಲ್ಲಿ ‘ವಾಡಿಕೆಗಿಂತ ಹೆಚ್ಚು ತಾಪ’ ಎಂಬಂಥ ಮಾತನ್ನು ಸಾಕಷ್ಟು ನಂಬಬಹುದು, ಏಕೆಂದರೆ ತಾಪ ದೊಡ್ಡ ಪ್ರದೇಶದ ಮೇಲೆ ಒಟ್ಟಿಗೆ ಏರಿಳಿಯುತ್ತದೆ. ಗುಡುಗು ಮಳೆ ಹಾಗಲ್ಲ; ಉಪ್ಪಿನಂಗಡಿಯಲ್ಲಿ ಚರಂಡಿ ತುಂಬಿ ಹರಿಯುವಾಗ ಪಕ್ಕದ ಊರಿನಲ್ಲಿ ಧೂಳೂ ಅಡಗಿರುವುದಿಲ್ಲ. ‘ಒಂದೆರಡು ಕಡೆ ಸಾಧಾರಣ ಮಳೆ’ ಎಂದು ಜಿಲ್ಲೆಗೆ ಕೊಟ್ಟ ಸೂಚನೆ ನಿಮ್ಮ ತೋಟಕ್ಕೆ ಕೊಟ್ಟ ಮಾತಲ್ಲ. ಆ ದಿನದ ಮಧ್ಯಾಹ್ನದ ನಂತರ, ಮುಂದಿನ ಮೂರು ಗಂಟೆಗಳಿಗೆ ಮಾತ್ರ ಹೊರಡಿಸುವ ತುರ್ತು ಸೂಚನೆಗಳೇ ಇದರಲ್ಲಿ ಹೆಚ್ಚು ಕೆಲಸಕ್ಕೆ ಬರುವಂಥವು. ಸಿಡಿಲಿಗೆ ‘ದಾಮಿನಿ’ ಆ್ಯಪ್ ಇದೆ. ಬೇಸಿಗೆ ಮಳೆಯ ಜೊತೆ ಸಿಡಿಲು ಇದ್ದೇ ಇರುವುದರಿಂದ, ಮರ ಹತ್ತುವವರಿರುವ ಮನೆಯಲ್ಲಿ ಅದು ಇರಲಿ.

ರಾಜ್ಯದ ಉಳಿದ ಭಾಗಕ್ಕೆ ಎರಡು ಮಾತು. ಉತ್ತರ ಒಳನಾಡಿನ ನಿಜವಾದ ಬೇಸಿಗೆ ಏಪ್ರಿಲ್ ಎರಡನೆಯ ವಾರದ ನಂತರ. ಕಲಬುರಗಿ ವಿಭಾಗದಲ್ಲಿ ಸರ್ಕಾರಿ ಕಚೇರಿಗಳ ಸಮಯವನ್ನು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಬದಲಾಯಿಸುವ ರೂಢಿ ಇದರಿಂದಲೇ. ಕರಾವಳಿಯ ಗರಿಷ್ಠ ತಾಪಮಾನ ಮಾತ್ರ ಮಾರ್ಚ್ ನಂತರ ಅಷ್ಟೇನೂ ಏರುವುದಿಲ್ಲ, ಏಕೆಂದರೆ ಆಗ ಪಡುವಣ ಗಾಳಿ ಗಟ್ಟಿಯಾಗುತ್ತದೆ, ಏರುವುದು ಸೆಕೆ. ನಿಮ್ಮ ಬಿಸಿಗಾಳಿಯ ಕಾಲ ಅವರದ್ದು ಶುರುವಾಗುವ ಹೊತ್ತಿಗೆ ಬಹುತೇಕ ಮುಗಿದಿರುತ್ತದೆ.

ತೋಟದ ಬಗ್ಗೆ ನಾನು ಕೃಷಿ ವಿಜ್ಞಾನಿಯಲ್ಲ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ ನಿಮಗೆ ಹತ್ತಿರದಲ್ಲೇ ಇದೆ. ಹವಾಮಾನಕ್ಕೆ ಸಂಬಂಧಿಸಿದಷ್ಟನ್ನು ಹೇಳುತ್ತೇನೆ. ಒಣ ಮೂಡಣ ಗಾಳಿಯ ದಿನಗಳಲ್ಲಿ ಎಲೆಯಿಂದ ಆವಿಯಾಗುವ ನೀರು ಹೆಚ್ಚು. ಹನಿ ನೀರಾವರಿಯಲ್ಲಿ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರ್ ಎಂಬ ಶಿಫಾರಸಿನಲ್ಲಿ ಇಂಥ ವಾರಗಳಲ್ಲಿ ಮೇಲಿನ ಅಂಕಿಯನ್ನೇ ಹಿಡಿಯುವುದು ಒಳ್ಳೆಯದು, ಬಾವಿ ಒಪ್ಪಿದರೆ. ನೀರು ಬಿಡುವುದು ಮಧ್ಯಾಹ್ನಕ್ಕಿಂತ ಸಂಜೆ ಅಥವಾ ಬೆಳಗಿನ ಜಾವ. ಕಾಂಡ ಸುಡುವುದು ನೈಋತ್ಯದ ಬಿಸಿಲಿಗೆ. ಎಳೆಯ ಮರಗಳ ಆ ಮಗ್ಗುಲಿಗೆ ಸೋಗೆ ಕಟ್ಟುವ ಹಳೆಯ ಕ್ರಮಕ್ಕೂ, ಹೊಸ ತೋಟದ ಉತ್ತರ ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ವಾಲಿಸಿ ನೆಡಿ ಎಂಬ ಶಿಫಾರಸಿಗೂ ಕಾರಣ ಒಂದೇ, ಮಧ್ಯಾಹ್ನ ಎರಡರಿಂದ ನಾಲ್ಕರ ಬಿಸಿಲು ಬೀಳುವ ಕೋನ.

ಜನರ ವಿಷಯದಲ್ಲಿ ಎಚ್ಚರಿಕೆಯ ದಿನಗಳಲ್ಲಿ ತೋಟದ ಕೆಲಸವನ್ನು ಬೆಳಿಗ್ಗೆ ಹನ್ನೊಂದಕ್ಕೆ ನಿಲ್ಲಿಸಿ, ಮೂರೂವರೆಯ ಮೇಲೆ ಮತ್ತೆ ಹಿಡಿಯಿರಿ. ಮಜ್ಜಿಗೆ, ಗಂಜಿ ತಿಳಿ, ಪುನರ್ಪುಳಿ ಶರಬತ್ತು ಏನಾದರೂ ಆದೀತು, ಉಪ್ಪು ಇರಲಿ. ಕೆಲಸದವರಲ್ಲಿ ಯಾರಾದರೂ ಅಸಂಬದ್ಧ ಮಾತನಾಡಿದರೆ, ಮೈ ಕೆಂಡದಂತೆ ಬಿಸಿಯಾಗಿದ್ದರೆ, ಅದು ಸುಸ್ತಲ್ಲ. ದೇಹದ ತಾಪ 40 ಡಿಗ್ರಿ ದಾಟಿರಬಹುದು. ಬೆವರು ನಿಂತಿರಲೇಬೇಕೆಂದಿಲ್ಲ, ದುಡಿಯುತ್ತಿದ್ದವರಲ್ಲಿ ಬೆವರು ಇರುವಾಗಲೂ ಹೀಗಾಗುತ್ತದೆ. ನೆರಳಿಗೆ ತಂದು, ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಎಚ್ಚರ ತಪ್ಪಿದವರಿಗೆ ಬಾಯಿಗೆ ನೀರು ಹಾಕಬಾರದು.

ಕೊನೆಗೆ, ನಿಮ್ಮೂರಿಗೆ ನಿಮ್ಮದೇ ಒಂದು ಮುನ್ಸೂಚನೆ. ಬೆಳಿಗ್ಗೆ ಒಂಬತ್ತೂವರೆ, ಹತ್ತರ ಹೊತ್ತಿಗೆ ಬಚ್ಚಲೊಲೆಯ ಹೊಗೆ ಯಾವ ಕಡೆಗೆ ವಾಲುತ್ತದೆ ಎಂದು ನೋಡಿ. ಪಡುವಣಕ್ಕೆ ಬಲವಾಗಿ ಬಾಗಿ ಓಡುತ್ತಿದ್ದರೆ ಘಟ್ಟದ ಗಾಳಿ ಇಳಿದಿದೆ, ಆ ಮಧ್ಯಾಹ್ನ ಕಷ್ಟದ್ದು. ನೆಟ್ಟಗೆ ಮೇಲೇರುತ್ತಿದ್ದರೆ ಕಡಲಗಾಳಿ ಮಾಮೂಲಿ ಹೊತ್ತಿಗೆ ಬರಬಹುದು. ಆಮೇಲೆ ಅಂಗಳದ ತೆಂಗಿನ ಗರಿಗಳು ತಿರುಗುವ ಗಳಿಗೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ತಾರೀಕಿನ ಚೌಕದೊಳಗೆ ಬರೆದಿಡಿ. ಹದಿನೈದು ದಿನದ ನಂತರ ಆ ಹೊತ್ತುಗಳನ್ನೂ ಹೋಬಳಿ ಕೇಂದ್ರದ ಗರಿಷ್ಠ ತಾಪಮಾನಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸಾಧ್ಯವಾದರೆ ನನಗೂ ಒಂದು ಪ್ರತಿ ಕಳುಹಿಸಿ. ಘಟ್ಟದ ಬುಡದ ತೋಟವೊಂದರ ಇಂಥ ದಾಖಲೆ ಇದುವರೆಗೆ ನನ್ನ ಕೈಗೆ ಸಿಕ್ಕಿಲ್ಲ.